ಮಧ್ಯಮ ದರ್ಜೆಯ ಸುತ್ತುದಾರಿ

ನಾನು ಹೇಳಿದ್ದು ಒಂದೇ ಮಾತು. "ರೀ, ಈ ಬೇಸಿಗೆ ಮುಗಿಯೋದ್ರೊಳಗೆ ಅರಣ್ಯೋದ್ಯಾನಕ್ಕೆ ಹೋಗಿ, ಆ ಗುಡ್ಡದ ಸುತ್ತುದಾರಿ ಇದೆಯಲ್ಲ, ಅದನ್ನ ಒಂದು ಸಲ ನಡೆದು ಬರೋಣ."

ಅಷ್ಟಕ್ಕೇ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಇಲ್ಲವಾಯಿತು. ಮಾರನೆಯ ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅದರ ಮೇಲೆ ಸರ್ಕಾರದ ಅರಣ್ಯೋದ್ಯಾನದ ನಕ್ಷೆ ಕಾಲು ಚಾಚಿ ಮಲಗಿತ್ತು. ಅದು ಸುರುಳಿ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಉಪ್ಪಿನ ಭರಣಿ, ಇನ್ನೊಂದಕ್ಕೆ ಇಸ್ತ್ರಿ ಪೆಟ್ಟಿಗೆ, ಮತ್ತೊಂದಕ್ಕೆ ಟಾರ್ಚು, ಉಳಿದ ಮೂಲೆಗೆ ನನ್ನ ಬಟ್ಟೆ ಕತ್ತರಿ. ಪರದೆ ಹೊಲಿಯುವವಳ ಕತ್ತರಿಯನ್ನು ಕಾಗದದ ಹತ್ತಿರ ಇಡುವುದೇ ತಪ್ಪು. ಅದರಲ್ಲಿ ನಕ್ಷೆಯ ಅಂಚನ್ನು ಕತ್ತರಿಸಿಯೂ ಆಗಿತ್ತು.

"ಅಂಚಲ್ಲಿ ಯಾವುದೋ ಜಾಹೀರಾತಿತ್ತು, ಅದಕ್ಕೇ ತೆಗೆದೆ," ಎಂದರು ನಮ್ಮ ಮನೆಯವರು, ಕನ್ನಡಕವನ್ನು ಹಣೆಗೇರಿಸಿ.

"ಕಾಗದ ಕತ್ತರಿಸಿದ್ರೆ ಕತ್ತರಿ ಮೊಂಡಾಗುತ್ತೆ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?"

"ಕತ್ತರಿ ಹಾಳಾಗ್ಲಿ, ಇಲ್ಲಿ ಬಾ. ನೋಡಿದ್ಯಾ? ಮಧ್ಯಮ ದರ್ಜೆ ಅಂತ ಹಾಕಿದ್ದಾರೆ. ಯಾರಿಗೆ ಮಧ್ಯಮ? ಮೇಕೆಗಾ, ಮನುಷ್ಯರಿಗಾ?"

ನಾನು ಕತ್ತರಿಯನ್ನು ಎತ್ತಿಕೊಂಡು ಒಳಗೆ ಹೋದೆ. ಆ ಮೂಲೆ ಸುರುಳಿ ಸುತ್ತಿಕೊಂಡು ಉದ್ಯಾನದ ಕೆರೆಯನ್ನು ಮುಚ್ಚಿತು. ಅವತ್ತು ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಈ ಸುತ್ತುದಾರಿಯ ಆಸೆ ನನಗೆ ಸುಮ್ಮನೆ ಹುಟ್ಟಿದ್ದಲ್ಲ. ಹೋದ ವರ್ಷ ನನ್ನ ಬಲಗಡೆಯ ಸೊಂಟದ ಕೀಲು ತೆಗೆದು ಲೋಹದ್ದೊಂದನ್ನು ಕೂರಿಸಿದ್ದರು. ಕೋಲು ಹಿಡಿದೆ, ಕೋಲು ಬಿಟ್ಟೆ, ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತೆ. ಕೊನೆಯ ಸಲ ಹೋದಾಗ ಡಾಕ್ಟರು ನನ್ನ ಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇನ್ನು ನನ್ನ ಮುಖ ನೋಡೋ ಅಗತ್ಯ ಇಲ್ಲಮ್ಮ. ಮೆಟ್ಟಿಲು ಹತ್ತಿ, ಗುಡ್ಡ ಹತ್ತಿ. ತೀರಾ ಕಡಿದಾದದ್ದು ಬೇಡ, ಮಧ್ಯಮದ್ದು ಯಾವುದಾದ್ರೂ ಆಗಬಹುದು," ಎಂದರು. ಹೊರಗಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿ ದೇವರನ್ನು ನೆನೆದೆ. ಕಣ್ಣು ತೆರೆದರೆ ನಮ್ಮ ಮನೆಯವರು ಎದುರಿಗೆ ನಿಂತು, "ಕೇಳಿಸ್ಕೊಂಡೆಯಲ್ಲ? ಕಡಿದಾದದ್ದು ಬೇಡ ಅಂದ್ರು," ಎನ್ನುತ್ತಿದ್ದರು. ಡಾಕ್ಟರು ಆಡಿದ ಅಷ್ಟು ಮಾತಿನಲ್ಲಿ ಅವರ ಕಿವಿಗೆ ಬಿದ್ದದ್ದು ಅದೊಂದೇ.

ಅವತ್ತೇ ನಿಶ್ಚಯಿಸಿದೆ. ಯಾರ ಕೈಯನ್ನೂ ಹಿಡಿಯದೆ, ಒಂದು ಗುಡ್ಡವನ್ನು ಪೂರ್ತಿ ಸುತ್ತಿ, ಹೊರಟ ಗೇಟಿಗೇ ಬಂದು ನಿಲ್ಲಬೇಕು. ಆಗ ನಾನು ವಾಸಿಯಾದವಳು. ಅಲ್ಲಿಯವರೆಗೆ ನಾನು ಈ ಮನೆಯಲ್ಲಿ ರೋಗಿಯೇ. ಸುತ್ತುದಾರಿಯೇ ಯಾಕೆ ಎಂದರೆ, ಹೋದ ದಾರಿಯಲ್ಲೇ ಹಿಂದಿರುಗುವ ನಡಿಗೆಯಾದರೆ ಎಲ್ಲಿ ಬೇಕಾದರೂ ನಿಂತು "ಸಾಕು, ತಿರುಗು" ಎನ್ನಬಹುದು. ನಮ್ಮ ಮನೆಯವರು ಮೊದಲನೆಯ ತಿರುವಿನಲ್ಲೇ ಅನ್ನುತ್ತಾರೆ. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದೆ ತಿರುಗಿದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಆಮೇಲೆ ಯಾರೂ ತಿರುಗು ಎನ್ನುವಂತಿಲ್ಲ.

ನಮ್ಮ ಮನೆಯವರದ್ದು ಲಿಫ್ಟು ಪರೀಕ್ಷಿಸುವ ಕೆಲಸ. ಹೊಸ ಲಿಫ್ಟಾಗಲಿ, ಕೆಟ್ಟು ಸರಿಯಾದದ್ದಾಗಲಿ, ಅದರೊಳಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಪೇರಿಸಿ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡಿಸಿ, ಕೊನೆಗೆ ತಾವೊಬ್ಬರೇ ಹತ್ತಿ ಇಳಿದು, "ಆಯ್ತು, ಬನ್ನಿ, ನಾನು ನೋಡಿದ್ದೀನಿ" ಎಂದ ಮೇಲೆಯೇ ಜನ ಕಾಲಿಡಬೇಕು. ಎಲ್ಲಕ್ಕೂ ಮೊದಲು ಇವರೇ ಆದ್ದರಿಂದ ಜೊತೆ ಕೆಲಸದವರು ಇಟ್ಟ ಅಡ್ಡಹೆಸರು ಮೊದಲಯ್ಯ. ಲಿಫ್ಟಿಗೆ ಈ ಬುದ್ಧಿ ಒಳ್ಳೆಯದೇ. ನನ್ನ ಆಪರೇಷನ್ ಆದಮೇಲೆ ಅದು ಮನೆಗೂ ಬಂತು. ಬಚ್ಚಲಿನ ಸ್ಟೂಲಿನ ಮೇಲೆ ಮೊದಲು ಅವರು ಕೂರಬೇಕು. ಕುರ್ಚಿ ಅಲ್ಲಾಡಿಸಬೇಕು. ಮೆಟ್ಟಿಲಿಳಿಯುವಾಗ ನನ್ನ ಮುಂದೆ, ನನ್ನ ಕಡೆಗೇ ಮುಖ ಮಾಡಿ, ಎರಡು ಕೈಯನ್ನೂ ಅಗಲಿಸಿ, ಕೋಳಿ ಹಿಡಿಯುವವರ ಹಾಗೆ ಹಿಮ್ಮುಖವಾಗಿ ಇಳಿಯಬೇಕು. ಹಾಗೆ ಇಳಿಯುತ್ತ ಅವರೇ ಎರಡು ಸಲ ಜಾರಿದರು. ಬಯಲಿನಲ್ಲಾದರೆ ನನ್ನ ಮುಂದೆ ಅವರ ಬೆನ್ನು. ಈ ಒಂದು ವರ್ಷದಲ್ಲಿ ನಾನು ನೋಡಿದ ಲೋಕವೆಲ್ಲ ಅವರ ಬೂದು ಅಂಗಿಯ ಆಚೀಚೆ ಇಣುಕಿದ್ದಷ್ಟೇ.

ನಾನು ಹೆಚ್ಚು ಮಾತಿನವಳಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಆರು ಸಾಲಿನ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದಳು, ನಾನು ಮಂಡಿಗೆ ಗಲ್ಲವಿಟ್ಟು ಕೇಳುತ್ತಿದ್ದೆ. ಕೇಳುವುದೇ ಅಭ್ಯಾಸವಾಗಿಹೋಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ "ಕಾಲೆತ್ತಿ, ಮನಸ್ಸಲ್ಲೇ ಎಣಿಸಿ" ಎಂದರೆ ನಾನು ಎಣಿಸುತ್ತಿರಲಿಲ್ಲ. ಪದ್ಯದ ಮೊದಲರ್ಧಕ್ಕೆ ಕಾಲು ಮೇಲೆ, ಉಳಿದರ್ಧಕ್ಕೆ ಕೆಳಗೆ. ಮೂರನೆಯ ಸಾಲು ಉದ್ದ, ಅಲ್ಲಿ ಉಸಿರು ಹಿಡಿದುಕೊಳ್ಳಬೇಕು, ನೋವೂ ಅಲ್ಲೇ ಹೆಚ್ಚು. "ಇವರು ತುಟಿಯಲ್ಲಿ ಏನೋ ಬೈತಾರೆ," ಎಂದು ಆ ಹುಡುಗಿ ನಮ್ಮ ಮನೆಯವರಿಗೆ ಹೇಳಿದ್ದಳು. "ನನ್ನನ್ನೇ ಇರಬೇಕು," ಎಂದಿದ್ದರು ಅವರು. ಅಷ್ಟರ ಮಟ್ಟಿಗೆ ತಿಳಿದವರು.

ಭಾನುವಾರ ಮಗಳು ಬಂದಳು. ಅವಳಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ನನಗೆಂದು ಗುಡ್ಡ ಹತ್ತುವ ಬೂಟು ತಂದಿದ್ದಳು. ನೆಲದ ಮೇಲೆ ಕೂತು ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳ ತುದಿ ಒತ್ತಿ ನೋಡಿ, "ಇಲ್ಲಿ ಸ್ವಲ್ಪ ಜಾಗ ಇರಬೇಕಮ್ಮ, ಇಳಿಯುವಾಗ ಬೆರಳು ಮುಂದಕ್ಕೆ ಬರುತ್ತೆ," ಎಂದಳು.

ಅವಳಪ್ಪ ಇನ್ನೊಂದು ಬೂಟನ್ನು ಎತ್ತಿಕೊಂಡು ಅಟ್ಟೆಯನ್ನು ಬಗ್ಗಿಸಿ ನೋಡುತ್ತಿದ್ದರು. "ಇದನ್ನ ಯಾರಾದ್ರೂ ಹಾಕ್ಕೊಂಡು ನೋಡಿದ್ದಾರಾ?"

"ಅಪ್ಪಾ, ಹೊಸ ಬೂಟು ಅದು. ಯಾರೂ ಹಾಕ್ಕೊಂಡಿಲ್ಲ ಅಂತಲೇ ಹೊಸದು."

"ನನ್ನ ಕಾಲಿಗೆ ಹಿಡಿಸೋದಾದ್ರೆ ಎರಡು ದಿನ ನಾನೇ…"

"ಅಪ್ಪಾ! ಅಮ್ಮ ಲಿಫ್ಟಲ್ಲ!"

"ಲಿಫ್ಟಾಗಿದ್ರೆ ಚಿಂತೆ ಇರ್ತಿರಲಿಲ್ಲ. ಲಿಫ್ಟು ಹೇಳಿದ ಮಾತು ಕೇಳುತ್ತೆ."

ಮಗಳು ನನ್ನ ಮುಖ ನೋಡಿದಳು. ನಾನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಅವರು ಉದ್ಯಾನದ ಕಚೇರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಹಾಕಿಯೇ ಮಾತಾಡುವುದು ಅವರ ಕ್ರಮ. ಆ ಕಡೆ ಒಬ್ಬ ಹೆಂಗಸು, ನೆಗಡಿ ಹಿಡಿದ ದನಿ.

"ಸುತ್ತುದಾರಿಯ ಇಳಿಜಾರು ಎಷ್ಟಿದೆ ಹೇಳ್ತೀರಾ?"

"ಸಾರ್, ಅದು ಗುಡ್ಡ. ಕೆಲವು ಕಡೆ ಹತ್ತುತ್ತೆ, ಕೆಲವು ಕಡೆ ಇಳಿಯುತ್ತೆ."

"ಹಿಡ್ಕೊಳ್ಳೋಕೆ ಕಂಬಿ ಇದೆಯಾ?"

"ಮರ ಇದೆ ಸಾರ್."

ಮಗಳು ನಗು ತಡೆಯಲು ಬಾಯಿಗೆ ದಿಂಬು ಒತ್ತಿಕೊಂಡಳು.

"ಎಡಗಡೆಯಿಂದ ಹೋದ್ರೆ ಒಳ್ಳೇದಾ, ಬಲಗಡೆಯಿಂದಲಾ?"

"ಗೇಟಿಂದ ಎರಡು ಕಡೆಗೂ ದಾರಿ ಒಡೆಯುತ್ತೆ. ಹಳದಿ ಬಾಣದ ಗುರುತು ನೋಡ್ಕೊಂಡು ಹೋದ್ರೆ ಆಯ್ತು. ಎರಡೂ ಗುಡ್ಡದ ಹಿಂದೆ ಹಳ್ಳದ ಹತ್ರ ಸೇರುತ್ತೆ. ಅಲ್ಲೊಂದು ಹಲಗೆ ಸೇತುವೆ ಇದೆ, ದಾಟಿದ್ರೆ…"

ನಾನು ಕಣ್ಣು ಮುಚ್ಚಿಕೊಂಡೆ. ಅಯ್ಯೋ ಮಹರಾಯಿತಿ, ಎಲ್ಲ ಬಿಟ್ಟು ಸೇತುವೆಯ ಹೆಸರನ್ನು ಯಾಕೆ ಎತ್ತಿದೆ?

"ಸೇತುವೆಯಾ?" ನಮ್ಮ ಮನೆಯವರು ಕುರ್ಚಿಯ ತುದಿಗೆ ಬಂದರು. "ಎಷ್ಟು ಭಾರ ತಡೆಯುತ್ತೆ ಅದು?"

"ಜನ ಓಡಾಡ್ತಾರೆ ಸಾರ್."

"ಜನ ಓಡಾಡ್ತಾರೆ ಅನ್ನೋದು ಉತ್ತರ ಅಲ್ಲಮ್ಮ. ಎಷ್ಟು ಭಾರ?"

"ಇದುವರೆಗೂ ಯಾರೂ ಬಿದ್ದಿಲ್ಲ ಸಾರ್," ಎಂದಳು ಅವಳು, ಮೂಗು ಸೀಟಿ. ಫೋನು ಇಟ್ಟುಬಿಟ್ಟಳು.

"ಇದುವರೆಗೂ!" ಎಂದು ನಮ್ಮ ಮನೆಯವರು ನಮ್ಮಿಬ್ಬರನ್ನೂ ನೋಡಿದರು. "ಕೇಳಿದ್ರಾ ಮಾತು? ಇದುವರೆಗೂ ಅಂತೆ."

ಆ ವಾರವೆಲ್ಲ ಅವರು ವಿಚಿತ್ರವಾಗಿ ಸುಮ್ಮನಿದ್ದರು. ಮೇಜಿನ ಮೇಲಿನ ನಕ್ಷೆಯನ್ನೂ ಮಡಿಸಿಟ್ಟರು. ಒಂದು ಸಂಜೆ ಮಾತ್ರ, "ಬೂಟು ಹಾಕ್ಕೊಂಡು ತೂಕದ ಯಂತ್ರದ ಮೇಲೆ ನಿಂತ್ಕೋ ಸ್ವಲ್ಪ," ಎಂದರು. ನಿಂತೆ. "ನೀರಿನ ಬಾಟಲಿಯನ್ನೂ ಹಿಡ್ಕೋ." ಹಿಡಿದೆ. ಬೊಜ್ಜಿನ ಬಗ್ಗೆ ಏನೋ ಅನ್ನುತ್ತಾರೆಂದು ಕಾದೆ. ಏನೂ ಅನ್ನಲಿಲ್ಲ. ಅಷ್ಟಕ್ಕಾದರೂ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಭಾನುವಾರ ಬೆಳಿಗ್ಗೆಯೇ "ಎಲ್ಲೋ ಲಿಫ್ಟು ನಿಂತಿದೆಯಂತೆ" ಎಂದು ಹೊರಟವರು ಸಂಜೆಗೆ ಬಂದರು. ಬಂದವರು ಬಾಗಿಲಲ್ಲೇ ಗೋಡೆ ಹಿಡಿದು ನಿಂತರು. ಬೆನ್ನು ನೇರವಾಗುತ್ತಿಲ್ಲ. ಪ್ಯಾಂಟಿನ ಮಂಡಿಯವರೆಗೆ ಕೆಮ್ಮಣ್ಣು, ಕಾಲುಚೀಲದ ತುಂಬ ಹುಲ್ಲಿನ ಮುಳ್ಳುಬೀಜ.

"ಬಿಸಿನೀರಿನ ಚೀಲ ಎಲ್ಲಿದೆಯೇ?"

"ಕೊಡ್ತೀನಿ. ಯಾವ ಲಿಫ್ಟಲ್ಲಿ ಹುಲ್ಲು ಬೆಳೆದಿತ್ತು ಅಂತ ಮೊದಲು ಹೇಳಿ."

ಅವರು ಕೂತರು. ಮುಚ್ಚಿಡುವುದು ಅವರಿಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾಡಿಬಂದ ಕೆಲಸದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಕಾಲುಚೀಲದಿಂದ ಒಂದೊಂದೇ ಬೀಜ ಕೀಳುತ್ತ ಹೇಳಿದರು. ನನ್ನ ತೂಕಕ್ಕೆ ಸರಿಯಾಗಿ, ಬೂಟು ಬಾಟಲಿ ಸಮೇತ, ಕಬ್ಬಿಣದ ಕಲ್ಲುಗಳನ್ನು ಕಟ್ಟಿಕೊಂಡು, ಜೊತೆ ಕೆಲಸದವನೊಬ್ಬನನ್ನು ಪುಸಲಾಯಿಸಿ, ಇಬ್ಬರೂ ಅರ್ಧರ್ಧ ಹೊತ್ತು ಗುಡ್ಡ ಹತ್ತಿದ್ದಾರೆ. ಹಲಗೆ ಸೇತುವೆಯ ನಡುವೆ ಅವನ್ನು ಪೇರಿಸಿದ್ದಾರೆ. ಇಳಿಸಿ ಪೇರಿಸಿ, ಪೇರಿಸಿ ಇಳಿಸಿ ನೋಡಿದ್ದಾರೆ.

"ಒಂದು ಹಲಗೆ ಬಗ್ಗಿತು ಕಣೇ. ಕಿರ್ ಅಂತು."

"ಬಗ್ಗಿದ್ರೆ ಮುರಿಯಿತಾ?"

"ಮುರಿಯೋವರೆಗೂ ಕಾಯ್ತಾರಾ ಯಾರಾದ್ರೂ? ಕೆಂಪು ಚೀಟಿ ಕಟ್ಟಿ ಬಂದೆ."

ಕೆಂಪು ಚೀಟಿ ನನಗೆ ಗೊತ್ತಿತ್ತು. ಕೆಟ್ಟ ಲಿಫ್ಟಿನ ಬಾಗಿಲಿಗೆ ಕಟ್ಟುವ ದಪ್ಪ ರಟ್ಟು. ಮೇಲೆ ಬಿಳಿ ಅಕ್ಷರದಲ್ಲಿ "ಪರೀಕ್ಷೆಯಲ್ಲಿ ತೇರ್ಗಡೆಯಾಗಿಲ್ಲ, ಬಳಸಬೇಡಿ" ಎಂದು ಅಚ್ಚಾಗಿರುತ್ತದೆ. ಕಟ್ಟಿದವರು ಬಂದು ಬಿಚ್ಚುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ಅವರ ಜೇಬಿನಲ್ಲಿ, ಡಬ್ಬಿಯಲ್ಲಿ, ಕಾರಿನ ಡಿಕ್ಕಿಯಲ್ಲಿ ಎಲ್ಲಿ ನೋಡಿದರೂ ಅದೇ.

"ಅರಣ್ಯೋದ್ಯಾನದ ಸೇತುವೆಗೆ ನೀವು ಯಾರು ರೀ ಚೀಟಿ ಕಟ್ಟೋಕೆ?"

"ಕೈ ಅಭ್ಯಾಸ," ಎಂದರು. ಇನ್ನೊಂದು ಬೀಜ ಕಿತ್ತು, "ಕಟ್ಟಿದ್ದು ಒಳ್ಳೇದೇ ಆಯ್ತಲ್ಲ," ಎಂದರು.

ಬಿಸಿನೀರಿನ ಚೀಲ ಕೊಟ್ಟೆ. ಎಸೆದೆ ಎಂದರೂ ತಪ್ಪಿಲ್ಲ.

ಮಾರನೆಯ ದಿನ ಪರದೆ ಅಂಗಡಿಯಲ್ಲಿ ಕೈಯೇ ಓಡಲಿಲ್ಲ. ಒಂದು ಹೋಟೆಲಿಗೆ ಹೊಲಿಯುತ್ತಿದ್ದ ದಪ್ಪ ಪರದೆಯ ನೆರಿಗೆ ಮೂರು ಸಲ ತಪ್ಪಿತು, ಬಿಚ್ಚಿದೆ. ಊಟದ ಹೊತ್ತಿನಲ್ಲಿ ಬಟ್ಟೆಯ ಉರುಳೆಗಳ ಹಿಂದೆ ಹೋಗಿ ನಿಂತು ಉದ್ಯಾನದ ಕಚೇರಿಗೆ ನಾನೇ ಫೋನು ಮಾಡಿದೆ. ಅದೇ ಹೆಂಗಸು. ನೆಗಡಿ ಇನ್ನೂ ಬಿಟ್ಟಿರಲಿಲ್ಲ.

"ಸುತ್ತುದಾರಿ ಸದ್ಯಕ್ಕೆ ಇಲ್ಲ ಮೇಡಂ. ಸೇತುವೆ ಮುಚ್ಚಿದ್ದೀವಿ."

"ಮುಚ್ಚಿಬಿಟ್ರಾ? ಯಾಕೆ?"

"ಯಾರೋ ದೊಡ್ಡ ಅಧಿಕಾರಿ ಬಂದು ಕೆಂಪು ಚೀಟಿ ಕಟ್ಟಿ ಹೋಗಿದ್ದಾರೆ. ಜೊತೆಗೆ ಒಬ್ಬ ಆಳೂ ಇದ್ದನಂತೆ. ಮುಂಚೆ ಫೋನಲ್ಲಿ ವಿಚಾರಿಸಿದ್ರು, ನಾನೇ ಮಾತಾಡಿದ್ದು. ಆ ದರ್ಪ ಕೇಳಿದಾಗಲೇ ಅಂದ್ಕೊಂಡೆ, ಇದು ಮೇಲಿನವರೇ ಅಂತ. ಇನ್ನು ಅದನ್ನ ಬಿಚ್ಚೋಕೆ ಇಲ್ಲಿ ಯಾರಿಗೂ ಧೈರ್ಯ ಇಲ್ಲ. ಎರಡು ಕಡೆಯಿಂದಲೂ ಸೇತುವೆ ತನಕ ಹೋಗಿ ವಾಪಸ್ ಬರಬಹುದು, ಅಷ್ಟೇ."

ಉರುಳೆಗಳ ನಡುವೆ ನಾನು ಕೂತುಬಿಟ್ಟೆ. ಗಂಡನಾದವನು ಗುಡ್ಡ ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಬಹುದಿತ್ತು. ಇವರು ಗುಡ್ಡವನ್ನೇ ಮುಚ್ಚಿಸಿ ಬಂದಿದ್ದರು. ನನ್ನ ಸುತ್ತು ನಡುವೆಯೇ ಕತ್ತರಿಸಿ ಬಿದ್ದಿತ್ತು. ಎತ್ತ ಹೋದರೂ ತಿರುಗಿ ಬರಬೇಕಾದ ಎರಡು ತುಂಡು ದಾರಿ. ತಿರುಗು, ಸಾಕು, ತಿರುಗು.

"ಮೇಡಂ, ಇದ್ದೀರಾ?"

"ಇದ್ದೀನಿ. ಅಲ್ಲಮ್ಮ, ಆ ಸೇತುವೆ ಕಟ್ಟೋಕೆ ಮುಂಚೆ ಜನ ಹೇಗೆ ದಾಟ್ತಿದ್ರು?"

"ನೀರಲ್ಲೇ. ಸೇತುವೆಯಿಂದ ಸ್ವಲ್ಪ ಕೆಳಗೆ ಹಾಸುಗಲ್ಲಿದೆ. ಮಳೆಗಾಲದಲ್ಲಿ ಆಗಲ್ಲ. ಈಗ ಪಾದ ನೆನೆದ್ರೆ ಹೆಚ್ಚು."

"ಈಗ ಹಾಗೆ ದಾಟಬಹುದಾ?"

ಅವಳು ಮೂಗು ಸೀಟಿದಳು. "ಚೀಟಿ ಕಟ್ಟಿರೋದು ಸೇತುವೆಗೆ ಮೇಡಂ, ನೀರಿಗಲ್ಲ."

ಆ ಹೆಂಗಸು ಯಾರೋ, ಅವಳ ನೆಗಡಿ ಬೇಗ ವಾಸಿಯಾಗಲೆಂದು ದೇವರಲ್ಲಿ ಕೇಳಿಕೊಂಡೆ.

ಸಂಜೆ ಮಗಳು ಕೆಲಸ ಮುಗಿಸಿ ಬಂದಿದ್ದಳು. ಅವಳಿಗೆ ಎಲ್ಲ ಹೇಳಿದೆ. ಅವಳು ನಕ್ಕ ನಗೆಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಅಧಿಕಾರಿಗಳೇ," ಎಂದಳು ಅಪ್ಪನಿಗೆ, "ನಿಮ್ಮ ಆಳು ಹೇಗಿದ್ದಾನೆ? ಅವನ ಬೆನ್ನು ನೇರ ಆಯ್ತಾ?"

ನಮ್ಮ ಮನೆಯವರು ಕೋಪ ಮಾಡಿಕೊಳ್ಳಲಿಲ್ಲ. ಸೇತುವೆ ಮುಚ್ಚಿದ್ದು ಕೇಳಿ ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನ ಸುಳಿದದ್ದನ್ನು ನಾನು ನೋಡಿದೆ. "ಹೋಗ್ಲಿ ಬಿಡು. ಕೆರೆ ದಂಡೆ ಮೇಲೆ ಸುಲಭ ದರ್ಜೆಯ ದಾರಿ ಇದೆ. ಸಿಮೆಂಟು ಹಾಕಿದ್ದಾರೆ. ಅಲ್ಲಲ್ಲಿ ಬೆಂಚು. ಗಾಲಿಕುರ್ಚಿ ಕೂಡ ಹೋಗುತ್ತೆ."

ಗಾಲಿಕುರ್ಚಿ ಎಂದದ್ದೇ ಸಾಕಾಯಿತು.

"ನೋಡಿ," ಎಂದೆ. ಜೋರಾಗಿ ಹೇಳಲಿಲ್ಲ. ಆದರೂ ಮಗಳು ನಗು ನಿಲ್ಲಿಸಿದಳು. "ನನ್ನ ಸೊಂಟಕ್ಕೆ ಕೀಲು ಹಾಕಿದ ಡಾಕ್ಟರೇ ಹೋಗು ಅಂದಿದ್ದಾರೆ. ವರ್ಷ ಪೂರ್ತಿ ನೀವು ಕೂತ ಸ್ಟೂಲಲ್ಲಿ ಕೂತೆ, ನೀವು ತುಳಿದ ಮೆಟ್ಟಿಲು ತುಳಿದೆ. ನನ್ನ ತೂಕದ ಕಬ್ಬಿಣಕ್ಕೆ ಗುಡ್ಡ ತೋರಿಸಿಕೊಂಡು ಬಂದ್ರಿ. ನನಗೆ ಮಾತ್ರ ತೋರಿಸಲಿಲ್ಲ. ನನಗಿಂತ ಆ ಕಬ್ಬಿಣವೇ ಪುಣ್ಯ ಮಾಡಿತ್ತು."

ನಮ್ಮ ಮನೆಯವರು ಉಪ್ಪಿನ ಭರಣಿಯ ಮುಚ್ಚಳ ತಿರುಗಿಸುತ್ತ ಕೂತರು.

"ಈ ಭಾನುವಾರ ಹೋಗ್ತೀನಿ," ಎಂದೆ. "ನೀವೂ ಬನ್ನಿ. ಆದ್ರೆ ನನ್ನ ಮುಂದೆ ಬೇಡ. ಗೇಟಿಂದ ನಾನು ಎಡಕ್ಕೆ, ನೀವು ಬಲಕ್ಕೆ. ಸೇತುವೆ ಹತ್ರ ಸಿಗೋಣ."

"ಬೇರೆ ಬೇರೆ ಹೋದ್ರೆ ಅದು ಜೊತೆಗೆ ಹೋದ ಹಾಗಾ?"

"ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬಂದ ಹಾಗಾಗುತ್ತೆ. ವರ್ಷದಿಂದ ನಿಮ್ಮ ಬೆನ್ನು ನೋಡಿ ಸಾಕಾಗಿದೆ."

ಅವರು ನಕ್ಷೆ ತೆಗೆದರು. ಬೆರಳಿನಿಂದ ಎಡದಾರಿ, ಬಲದಾರಿ ಎರಡನ್ನೂ ಸವರಿದರು. ಅವರ ಲೆಕ್ಕಾಚಾರ ನನಗೆ ಅರ್ಥವಾಗುತ್ತಿತ್ತು. ತಾವು ಬೇಗ ತಲುಪಿ ಹಳ್ಳದ ಆ ದಡದಲ್ಲಿ ಕಾವಲು ನಿಂತರೆ ನಾನು ಸೇತುವೆ ತುಳಿಯುವುದಿಲ್ಲ.

"ಸರಿ. ಆದ್ರೆ ಸೇತುವೆ ಹತ್ರ ಬಂದು, ಮಾತಾಡಿ, ಅವರವರ ದಾರಿಲಿ ಹಿಂದಿರುಗಬೇಕು. ಆಯ್ತಾ?"

ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದೆ.

ಭಾನುವಾರ ಗೇಟಿನ ಹತ್ತಿರ ಅವರು ನನ್ನ ಬೂಟಿನ ದಾರವನ್ನು ಮೂರು ಸಲ ಎಳೆದು ನೋಡಿದರು. ಸೀಟಿ ಕೊಟ್ಟರು, ಇನ್ನೊಂದು ಬಾಟಲಿ ಕೊಟ್ಟರು, ತಮ್ಮ ಫೋನಿನಿಂದ ನನ್ನ ಫೋನಿಗೆ ಕರೆ ಮಾಡಿ ಸದ್ದು ಬರುತ್ತದೆಯೇ ಎಂದು ನೋಡಿದರು, ಆಮೇಲೆ ನನ್ನ ಫೋನಿನಿಂದ ತಮ್ಮದಕ್ಕೆ. "ಹೊರಡಿ ರೀ," ಎಂದೆ. ಹೊರಟವರು ತಿರುವಿನ ತನಕ ಹಿಂದೆ ನೋಡುತ್ತಲೇ ಹೋಗಿ ಒಂದು ಪೊದೆಗೆ ಡಿಕ್ಕಿ ಹೊಡೆದರು.

ನಾನು ಎಡಕ್ಕೆ ತಿರುಗಿದೆ.

ಮುಂದೆ ಬೆನ್ನಿಲ್ಲ. ದಾರಿ ಎಂದರೆ ದಾರಿ ಮಾತ್ರ. ಕೆಂಪು ಮಣ್ಣು, ಬಂಡೆಯ ಮೇಲೆ ಹಳದಿ ಬಾಣ, ಅಡ್ಡಕ್ಕೆ ಹರಿದ ಬೇರುಗಳು. ಮೊದಮೊದಲು ಕಾಲಿಡುವ ಮುನ್ನ ನಿಲ್ಲುತ್ತಿದ್ದೆ. ಯಾರೋ "ಆಯ್ತು, ಬಾ" ಎನ್ನಬೇಕು ಎಂದು ಕಾಯುವ ಅಭ್ಯಾಸ ನನಗೇ ಆಗಿಹೋಗಿತ್ತು. ಅದನ್ನು ಕಂಡು ನನ್ನ ಮೇಲೇ ಸಿಟ್ಟು ಬಂತು. ಅಜ್ಜಿಯ ಪದ್ಯ ತೆಗೆದೆ. ಮೆಲ್ಲಗೆ ಶುರುಮಾಡಿದ್ದು ಏರು ಬಂದಂತೆ ಗಟ್ಟಿಯಾಯಿತು. ಮೂರನೆಯ ಸಾಲಿನ ಉದ್ದಕ್ಕೆ ಒಂದು ಬಂಡೆ ಹತ್ತಿದರೆ ಆರನೆಯ ಸಾಲಿನ ಉದ್ದಕ್ಕೆ ಉಸಿರು ಮರಳಿ ಬರುತ್ತಿತ್ತು. ಸೊಂಟದಲ್ಲಿ ನೋವಿರಲಿಲ್ಲ. ಏನೋ ಒಂದು ಒಳಗೆ ಕೂತಿದೆ ಎಂಬ ಅರಿವು ಮಾತ್ರ, ಮನೆಗೆ ಬಂದು ಉಳಿದ ನೆಂಟರ ಹಾಗೆ. ಗುಡ್ಡದ ಹೆಗಲಿನಲ್ಲಿ ಗಾಳಿ ಬೀಸಿತು. ಕೆಳಗೆ ಕೆರೆ, ಅದರ ದಂಡೆಯ ಮೇಲೆ ಸಿಮೆಂಟಿನ ದಾರಿ, ಬೆಂಚು, ಬೆಂಚು, ಬೆಂಚು. ನಮಸ್ಕಾರ ಹಾಕಿ ಮುಂದೆ ಹೋದೆ.

ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಸರಿದವು. ಮಗಳು ಬಿಟ್ಟಿದ್ದ ಜಾಗ ಸರಿಯಾಗಿತ್ತು.

ಹಳ್ಳ ಕಾಣುವ ಮುಂಚೆ ಅವರ ದನಿ ಕೇಳಿಸಿತು. "ನಿಧಾನ! ಪದ್ಯ ಕೇಳಿಸ್ತಿದೆ, ಜೋರಾಗಿ ಹೇಳಬೇಡ, ಉಸಿರು ಕಟ್ಟುತ್ತೆ!"

ಆ ದಡದಲ್ಲಿ ನಿಂತಿದ್ದರು. ಬೆವರು ಸುರಿಯುತ್ತಿತ್ತು. ಓಡಿಕೊಂಡೇ ಬಂದಿರಬೇಕು. ನಮ್ಮ ನಡುವೆ ಹಲಗೆ ಸೇತುವೆ, ಅದಕ್ಕೆ ಅಡ್ಡಲಾಗಿ ಉದ್ಯಾನದವರು ಕಟ್ಟಿದ ಹಗ್ಗ, ಹಗ್ಗದ ಪಕ್ಕದಲ್ಲಿ ಗಾಳಿಗೆ ತಿರುಗುತ್ತಿದ್ದ ಕೆಂಪು ಚೀಟಿ. ಚೀಟಿಯ ಹಿಂದೆ ಅವರ ಮುಖ. ಎಷ್ಟೋ ದಿನಕ್ಕೆ ಅಷ್ಟು ದೂರದಿಂದ, ಅಷ್ಟು ಪೂರ್ತಿಯಾಗಿ ಆ ಮುಖವನ್ನು ನೋಡಿದೆ. ಮುದುಕರಾಗಿದ್ದರು. ಹೆದರಿದ್ದರು. ನನ್ನ ಸಿಟ್ಟು ಒಂದು ಗಳಿಗೆ ಎಲ್ಲಿಗೋ ಹೋಯಿತು.

"ಬಂದ್ಯಲ್ಲ, ಸಾಕು," ಎಂದು ಕೂಗಿದರು. "ಈಗ ಕೂತು ನೀರು ಕುಡಿ. ಆಮೇಲೆ ತಿರುಗು."

ಸಿಟ್ಟು ಮರಳಿ ಬಂತು.

ನಾನು ದಡ ಹಿಡಿದು ಕೆಳಗೆ ನಡೆದೆ. ನೆಗಡಿಯ ಹೆಂಗಸು ಹೇಳಿದ ಹಾಗೇ ಇತ್ತು. ಚಪ್ಪಟೆ ಕಲ್ಲುಗಳ ಸಾಲು, ನಡುವೆ ತೆಳ್ಳಗೆ ಹರಿಯುವ ನೀರು. ಬಂಡೆಯ ಮೇಲೆ ಕೂತು ಬೂಟು ಬಿಚ್ಚಿದೆ, ದಾರಗಳನ್ನು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡೆ.

"ಏನೇ ಮಾಡ್ತಿದ್ದೀಯ? ಏ! ಬೇಡ! ತಡಿ, ನಾನು ಮೊದಲು ಬಂದು ನೋಡ್ತೀನಿ!" ಅವರು ಒಂಟಿಕಾಲಿನಲ್ಲಿ ಕುಣಿಯುತ್ತ ತಮ್ಮ ಬೂಟು ಕೀಳತೊಡಗಿದರು.

"ಅಲ್ಲೇ ನಿಲ್ಲಿ," ಎಂದೆ.

ಹೇಗೆ ಹೇಳಿದೆನೋ. ಅವರು ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ, ಹಾಗೇ ನಿಂತರು.

ನೀರು ತಣ್ಣಗಿತ್ತು. ಮೊದಲ ಕಲ್ಲು ಗಟ್ಟಿ. ಆಮೇಲಿನದೂ ಗಟ್ಟಿ. ಪದ್ಯ ಮತ್ತೆ ಶುರುಮಾಡಿದೆ. ನಡುನೀರಿನ ಕಲ್ಲಿಗೆ ಬಲಗಾಲು ಊರಿದಾಗ ಅದು ಅಲ್ಲಾಡಿತು. ಮೈಯೆಲ್ಲ ಒಂದು ಕಡೆಗೆ ವಾಲಿತು, ಬೂಟುಗಳು ಕುತ್ತಿಗೆಯಲ್ಲಿ ತೂಗಾಡಿ ಎದೆಗೆ ಬಡಿದವು, ಪದ್ಯ ಬಾಯಿಂದ ಹಾರಿಹೋಯಿತು. ನಿಂತೆ. ಭಾರವೆಲ್ಲ ಆ ಹೊಸ ಕೀಲಿನ ಮೇಲೆ. ಈಗ ಕೂಗುತ್ತಾರೆ, ಕೂಗಿದರೆ ಬೀಳುತ್ತೇನೆ ಎಂದುಕೊಂಡೆ.

ಅವರು ಕೂಗಲಿಲ್ಲ. ಕಣ್ಣಂಚಿನಲ್ಲಿ ನೋಡಿದೆ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದರು.

ಕೀಲು ತಡೆಯಿತು. ಕಲ್ಲು ತನ್ನ ಜಾಗ ಹುಡುಕಿಕೊಂಡಿತು. ಬಿಟ್ಟಿದ್ದ ಸಾಲಿನಿಂದಲೇ ಪದ್ಯ ಎತ್ತಿಕೊಂಡು, ಎಡಗಾಲು ಮುಂದಿಟ್ಟು, ಇನ್ನೊಂದು, ಮತ್ತೊಂದು, ದಡದ ಮರಳಿಗೆ ಬಂದೆ.

ಅವರು ನನ್ನನ್ನು ಮುಟ್ಟಿ ನೋಡಿದರು. ತೋಳು, ಭುಜ. ಆಮೇಲೆ ಹೊರಟ ಮಾತು ಇದು: "ಆ ನಡುವಿನ ಕಲ್ಲು ಅಲ್ಲಾಡುತ್ತೆ." ಹೇಳುತ್ತಲೇ ಅವರ ಕೈ ಜೇಬಿಗೆ ಹೋಯಿತು. ಕೆಂಪು ರಟ್ಟಿನ ಮೂಲೆ ಕಂಡಿತು.

"ರೀ! ಅದನ್ನ ಹೊರಗೆ ತೆಗೆದ್ರೆ ನಾನು ನಿಮಗೇ ಕಟ್ಟಿಬಿಡ್ತೀನಿ."

ಕೈ ಜೇಬಿನಲ್ಲೇ ಉಳಿಯಿತು.

ಕಾಲೊರೆಸಿಕೊಂಡು ಬೂಟು ಹಾಕಿಕೊಂಡೆ. ಅವರು ಬಂದಿದ್ದ ದಾರಿ ನನ್ನ ಮುಂದಿತ್ತು, ನನ್ನ ಉಳಿದ ಅರ್ಧ ಸುತ್ತು.

"ನಾನು ಮುಂದೆ ಹೋಗಲಾ?" ಎಂದು ಕೇಳಿದರು. ಹಾಗೆ ಕೇಳಿದ್ದೇ ಮೊದಲು.

"ಹಿಂದೆ ಬನ್ನಿ."

ಬಂದರು. ಸುಮ್ಮನೆ ಬಂದರೆ ಅವರಾಗುತ್ತಿದ್ದರೇ? "ಎಡಕ್ಕೆ ಬೇರಿದೆ. ಆ ಬಂಡೆ ಮೇಲೆ ಪಾಚಿ. ಮುಂದೆ ಇಳಿಜಾರು, ಮಂಡಿ ಬಗ್ಗಿಸು. ನಾನು ನೋಡ್ಕೊಂಡೇ ಬಂದಿದ್ದೀನಿ." ಕೊನೆಗೆ ನಾನು ಪದ್ಯವನ್ನು ಜೋರು ಮಾಡಿದೆ, ಅವರ ದನಿ ಅದರಡಿಯಲ್ಲಿ ಮುಳುಗಲಿ ಎಂದು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಎಚ್ಚರಿಕೆಗಳು ನಿಂತವು. ಅವರ ಹೆಜ್ಜೆ ನನ್ನ ಸಾಲಿಗೆ ಸರಿಯಾಗಿ ಬೀಳುತ್ತಿತ್ತು. ಮೂರನೆಯ ಸಾಲಿನಲ್ಲಿ ಅವರಿಗೂ ಏದುಸಿರು.

ಮರಗಳ ನಡುವೆ ಗೇಟು ಕಂಡಿತು, ಬೆಳಿಗ್ಗೆ ಹೊರಟ ಅದೇ ಹಸಿರು ಗೇಟು. ಇನ್ನು ನಾಲ್ಕಾರು ಮಾರು. ಹಿಂದಿನ ಹೆಜ್ಜೆ ಚುರುಕಾಯಿತು. ತಡೆದುಕೊಳ್ಳಲು ಅವರು ಪಟ್ಟ ಕಷ್ಟವೂ ನನಗೆ ಕೇಳಿಸಿತು. ಕೊನೆಗೆ ಆಗಲೇ ಇಲ್ಲ. ನನ್ನ ಪಕ್ಕದಿಂದ ನುಸುಳಿ ಓಡಿ, ಗೇಟನ್ನು ತಳ್ಳಿ, ಎಳೆದು, ಅದರ ತಿರುಗಣೆಯನ್ನು ಅಲ್ಲಾಡಿಸಿ, ಆಚೆ ಹೋಗಿ ಈಚೆ ಬಂದು, "ಆಯ್ತು, ಬಾ, ನಾನು ನೋಡಿದ್ದೀನಿ," ಎಂದರು.

ಗುಡ್ಡ ಪೂರ್ತಿ ನನ್ನದಾಗಿತ್ತು. ಗೇಟೊಂದನ್ನು ಅವರಿಗೆ ಬಿಟ್ಟುಕೊಟ್ಟೆ.